ತೋಳಿನ ಸೆನ್ಸರ್: ಯಾಕೆ ಹಾಕಿಕೊಳ್ಳುತ್ತಾರೆ, ಯಾಕೆ ತೆಗೆದಿಡುತ್ತಾರೆ

ಈಗ ನಿಮ್ಮ ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತಿರುವ ಬಿಳಿ ಬಿಲ್ಲೆಯನ್ನು ಸರಿಯಾಗಿ ನೋಡಿ. ತೋರಿಸುವುದಕ್ಕೆಂದೇ ಇಟ್ಟುಕೊಂಡಿರುವ ಮಾದರಿ ಅದು, ಯಾರೂ ಬಳಸಿದ್ದಲ್ಲ, ಮುಟ್ಟಲು ಸಂಕೋಚ ಬೇಡ. ಹತ್ತು ರೂಪಾಯಿ ನಾಣ್ಯಕ್ಕಿಂತ ಕೊಂಚ ಅಗಲ ಇದೆ. ತಿರುಗಿಸಿದರೆ ಸುತ್ತ ಅಂಟು, ನಡುವೆ ಕೂದಲೆಳೆಯಂಥ ಒಂದು ತಂತು. ಉದ್ದ ಸುಮಾರು 5 ಮಿಲಿಮೀಟರ್. ಬೆರಳಿನಿಂದ ಒತ್ತಿದರೆ ಬಾಗುತ್ತದೆ. ಚರ್ಮದೊಳಗೆ ಉಳಿಯುವುದು ಅಷ್ಟೇ. ಹಾಕುವಾಗ ಒಂದು ಸೂಜಿ ಅದನ್ನು ಒಳಗೆ ಕೂರಿಸಿ ತಾನು ಹೊರಗೆ ಬಂದುಬಿಡುತ್ತದೆ.

ಇದಕ್ಕೆ ಸಿಜಿಎಂ ಅನ್ನುತ್ತೇವೆ, ದಿನವಿಡೀ ಬಿಡದೆ ಗ್ಲೂಕೋಸ್ ಅಳೆಯುವ ಸಾಧನ. ತಂತುವಿನ ತುದಿಯಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಇರುತ್ತದೆ. ಗ್ಲೂಕೋಸ್ ಅದನ್ನು ಮುಟ್ಟಿದಾಗ ತೀರಾ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಗ್ಲೂಕೋಸ್ ಹೆಚ್ಚಿದಷ್ಟೂ ಪ್ರವಾಹ ಹೆಚ್ಚು. ಈ ತತ್ವವನ್ನು ಲೆಲ್ಯಾಂಡ್ ಕ್ಲಾರ್ಕ್ ಮುಂದಿಟ್ಟದ್ದು 1962ರಲ್ಲಿ. ನಿಮ್ಮ ಮನೆಯ ಬೆರಳು ಚುಚ್ಚುವ ಗ್ಲೂಕೋಮೀಟರ್‌ಗೂ ಮೂಲ ಅದೇ. ಒಂದು ವ್ಯತ್ಯಾಸ ನೆನಪಿಡಿ. ಈ ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗೆ ಜೀವಕೋಶಗಳ ನಡುವೆ ಇರುವ ದ್ರವವನ್ನು. ಸಕ್ಕರೆ ರಕ್ತದಿಂದ ಅಲ್ಲಿಗೆ ತಲುಪಲು ಸ್ವಲ್ಪ ಹೊತ್ತು ಬೇಕು. ಹಾಗಾಗಿ ಫೋನಿನಲ್ಲಿ ಕಾಣುವ ಅಂಕಿ ಬೆರಳಿನ ರಕ್ತಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದೆ ಇರಬಹುದು.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಸೆನ್ಸರ್ 14 ದಿನ ಬರುತ್ತದೆ. ಬೆಲೆ ಸುಮಾರು 5,000 ರೂಪಾಯಿ ಆಸುಪಾಸು. ಅದೇ ಕೆಲಸಕ್ಕೆ ಇಪ್ಪತ್ತು ಮೂವತ್ತು ರೂಪಾಯಿಯ ಸ್ಟ್ರಿಪ್ ಇರುವಾಗ ಇಷ್ಟು ದುಡ್ಡು ಕೊಟ್ಟು ಇದನ್ನು ಯಾರು ಹಾಕಿಸಿಕೊಳ್ಳುತ್ತಾರೆ, ಯಾಕೆ? ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆ.

ಸುಲಭದ ಉತ್ತರ, ಬೆರಳು ಚುಚ್ಚಿಕೊಳ್ಳುವ ನೋವು ತಪ್ಪುತ್ತದೆ ಅನ್ನುವುದು. ಜಾಹೀರಾತುಗಳೂ ಅದನ್ನೇ ಹೇಳುತ್ತವೆ. ಸುಳ್ಳಲ್ಲ, ಆದರೆ ಅದೊಂದೇ ಕಾರಣ ಸಾಲುವುದಿಲ್ಲ. 2001ರಲ್ಲಿ ಅಮೆರಿಕದಲ್ಲಿ ಗ್ಲೂಕೋವಾಚ್ ಎಂಬ ಕೈಗಡಿಯಾರಕ್ಕೆ ಅನುಮತಿ ಸಿಕ್ಕಿತ್ತು. ಅದರಲ್ಲಿ ಸೂಜಿಯೇ ಇರಲಿಲ್ಲ. ಸಣ್ಣ ವಿದ್ಯುತ್ ಹರಿಸಿ ಚರ್ಮದ ಮೂಲಕ ದ್ರವ ಸೆಳೆದು ಅಳೆಯುತ್ತಿತ್ತು. ನೋವು ತಪ್ಪುವುದೇ ಮುಖ್ಯವಾಗಿದ್ದರೆ ಅದು ಮನೆಮನೆಗೆ ಹೋಗಬೇಕಿತ್ತು. ಏನಾಯಿತು? ಕಟ್ಟಿದ ಜಾಗ ಕೆಂಪಾಗಿ ಉರಿಯುತ್ತಿತ್ತು, ಬೆವರಿದರೆ ಅಳತೆ ಬಿಟ್ಟುಬಿಡುತ್ತಿತ್ತು. ಸಕ್ಕರೆ ಇಳಿಯುವಾಗ ಮನುಷ್ಯ ಬೆವರುತ್ತಾನೆ. ಅಂದರೆ ತೀರಾ ಬೇಕಾದ ಹೊತ್ತಿಗೇ ಅದು ಕೈಕೊಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು.

ನನ್ನ ಎದುರು ಕೂತು “ಡಾಕ್ಟ್ರೇ, ಅದನ್ನ ಹಾಕಿಬಿಡಿ” ಅನ್ನುವವರಲ್ಲಿ ಮೊದಲ ಗುಂಪು ಟೈಪ್ ಒನ್ ಸಕ್ಕರೆ ಕಾಯಿಲೆ ಇರುವ ಮಕ್ಕಳ ತಾಯಂದಿರದು. ಅವರು ನೋವಿನ ಮಾತೇ ಎತ್ತುವುದಿಲ್ಲ. ಅವರು ಮಾತಾಡುವುದು ರಾತ್ರಿಯ ಬಗ್ಗೆ.

ಟೈಪ್ ಒನ್ ಅಂದರೆ ದೇಹ ಇನ್ಸುಲಿನ್ ತಯಾರಿಸುವುದೇ ನಿಂತುಹೋಗಿರುವ ಸ್ಥಿತಿ. ಹೊರಗಿನಿಂದ ಕೊಟ್ಟ ಇನ್ಸುಲಿನ್ ಒಂದಿಷ್ಟು ಹೆಚ್ಚಾದರೆ, ಅಥವಾ ಮಗು ಸಂಜೆ ಹೆಚ್ಚು ಓಡಿ ಆಡಿದ್ದರೆ, ನಡುರಾತ್ರಿ ಶುಗರ್ ಡೌನ್ ಆಗಬಹುದು. ಎಚ್ಚರವಿದ್ದರೆ ಕೈ ನಡುಗುತ್ತದೆ, ಹಸಿವಾಗುತ್ತದೆ, ಮಗು ಹೇಳುತ್ತದೆ. ನಿದ್ದೆಯಲ್ಲಿ ಹೇಳುವವರು ಯಾರು? ಹಾಗಾಗಿ ಈ ತಾಯಂದಿರು ಅಲಾರಂ ಇಟ್ಟು ಎರಡು ಗಂಟೆಗೆ ಏಳುತ್ತಾರೆ, ಟಾರ್ಚ್ ಹಿಡಿದು ಮಲಗಿರುವ ಮಗುವಿನ ಬೆರಳು ಚುಚ್ಚುತ್ತಾರೆ. 110 ಬಂತು ಅಂದುಕೊಳ್ಳಿ. ಸಮಾಧಾನವೇ? ಅಲ್ಲ. 110 ಇಳಿಯುತ್ತಾ ಬಂದ 110 ಇರಬಹುದು, ಏರುತ್ತಾ ಬಂದ 110 ಕೂಡ ಇರಬಹುದು. ಸ್ಟ್ರಿಪ್ ಅದನ್ನು ಹೇಳುವುದಿಲ್ಲ. ಸೆನ್ಸರ್ ಅಂಕಿಯ ಪಕ್ಕದಲ್ಲೇ ಒಂದು ಬಾಣದ ಗುರುತು ತೋರಿಸುತ್ತದೆ, ಮೇಲಕ್ಕೋ ಕೆಳಕ್ಕೋ ಅಂತ. ಆ ತಾಯಿಗೆ ಬೇಕಾಗಿರುವುದು ಆ ಬಾಣ, ಮತ್ತು 70ಕ್ಕಿಂತ ಇಳಿದರೆ ಕೂಗುವ ಅಲಾರಂ. ಸೆನ್ಸರ್ ಹಾಕಿಸಿದ ಮೇಲೆ ಒಬ್ಬ ತಾಯಿ ಹೇಳಿದ್ದು ಇಷ್ಟೇ: “ನಿನ್ನೆ ಬೆಳಗಿನವರೆಗೂ ಮಲಗಿದ್ದೆ ಸರ್.” ಮಗುವಿನ ಸಕ್ಕರೆ ಎಷ್ಟಿತ್ತು ಅಂತ ನಾನೇ ಕೇಳಬೇಕಾಯಿತು.

ಇದು ನಮ್ಮ ಊರಿನ ತಾಯಂದಿರ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಜಾನ್ ಕಾಸ್ಟಿಕ್ ಎಂಬ ಎಂಜಿನಿಯರ್‌ನ ಮಗನಿಗೆ 2012ರಲ್ಲಿ, ನಾಲ್ಕನೇ ವಯಸ್ಸಿನಲ್ಲಿ ಟೈಪ್ ಒನ್ ಬಂತು. ಮಗನ ಮೈಮೇಲೆ ಸೆನ್ಸರ್ ಇತ್ತು. ಆದರೆ ಅದರ ಅಂಕಿ ಜೊತೆಗಿದ್ದ ಪುಟ್ಟ ಪೆಟ್ಟಿಗೆಯಲ್ಲಿ ಮಾತ್ರ ಕಾಣುತ್ತಿತ್ತು. ಮಗ ಶಾಲೆಯಲ್ಲಿ, ಅಪ್ಪ ಕಚೇರಿಯಲ್ಲಿ. 2013ರಲ್ಲಿ ಕಾಸ್ಟಿಕ್ ತಾನೇ ಪ್ರೋಗ್ರಾಂ ಬರೆದು ಆ ಅಂಕಿಗಳನ್ನು ಇಂಟರ್ನೆಟ್ಟಿಗೆ ಏರಿಸಿ ಕಚೇರಿಯಿಂದಲೇ ನೋಡುವಂತೆ ಮಾಡಿಕೊಂಡರು. ಅದರಿಂದ ನೈಟ್‌ಸ್ಕೌಟ್ ಎಂಬ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ವ್ಯವಸ್ಥೆ ಬೆಳೆಯಿತು. ಕಂಪನಿಗಳು ಮಾಡಿಕೊಡಲಿ ಅಂತ ‘ನಾವು ಕಾಯುವುದಿಲ್ಲ’ ಎನ್ನುವುದೇ ಆ ತಂದೆತಾಯಿಯರ ಘೋಷಣೆಯಾಯಿತು. ಅದೇ ಹೊತ್ತಿಗೆ ಟೈಪ್ ಒನ್ ಇದ್ದ ಡಾನಾ ಲೂಯಿಸ್ ಎಂಬ ಯುವತಿಗೆ ಬೇರೆ ಚಿಂತೆ. ಸೆನ್ಸರಿನ ಅಲಾರಂ ಸದ್ದು ಅವರ ಗಾಢನಿದ್ದೆಗೆ ಸಾಲುತ್ತಿರಲಿಲ್ಲ. ಒಂಟಿಯಾಗಿ ವಾಸ. ಎಚ್ಚರವಾಗದೇ ಹೋದರೆ? ಅಂಕಿಗಳನ್ನು ಫೋನಿಗೆ ತಂದು ಜೋರಾಗಿ ಕೂಗುವಂತೆ ಮಾಡುವುದರಿಂದ ಶುರುವಾದ ಅವರ ಕೆಲಸ, 2015ರ ಹೊತ್ತಿಗೆ ಸೆನ್ಸರಿನ ಅಂಕಿ ನೋಡಿ ಇನ್ಸುಲಿನ್ ಪಂಪ್ ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ವ್ಯವಸ್ಥೆಯನ್ನು ಎಲ್ಲರ ಮುಂದಿಡುವವರೆಗೂ ಹೋಯಿತು. ನಿಶ್ಚಿಂತೆಯಿಂದ ಮಲಗಬೇಕು ಅನ್ನುವ ಆಸೆ ಎಲ್ಲಿಯವರೆಗೆ ಕರೆದೊಯ್ದಿದೆ ನೋಡಿ.

ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ. ಮೈಮೇಲೆ ಹೊತ್ತುಕೊಳ್ಳುವ ವೈದ್ಯಕೀಯ ಸಾಧನಗಳ ಚರಿತ್ರೆ ನನಗೆ ಬಹಳ ಪ್ರಿಯ. 1940ರ ದಶಕದಲ್ಲಿ ಅಮೆರಿಕದ ಮೊಂಟಾನಾದಲ್ಲಿ ನಾರ್ಮನ್ ಹೋಲ್ಟರ್ ಎಂಬ ವಿಜ್ಞಾನಿ ಓಡಾಡುವ ಮನುಷ್ಯನ ಇಸಿಜಿ ಹಿಡಿಯಬೇಕೆಂದು ಹೊರಟರು. ಮೊದಲ ಯಂತ್ರದ ತೂಕ ಸುಮಾರು 38 ಕಿಲೋ, ಬೆನ್ನಿಗೆ ಕಟ್ಟಿಕೊಂಡೇ ಓಡಾಡಬೇಕಿತ್ತು. ಇವತ್ತು ಹೃದ್ರೋಗ ತಜ್ಞರು “ಒಂದು ದಿನ ಹೋಲ್ಟರ್ ಹಾಕಿಸಿ” ಅನ್ನುತ್ತಾರಲ್ಲ, ಅದು ಇವರದೇ ಹೆಸರು. ಇನ್ನೊಂದು 1957ರದು. ಮಿನಿಯಾಪೊಲಿಸ್‌ನಲ್ಲಿ ವಾಲ್ಟನ್ ಲಿಲ್ಲಿಹೈ ಎಂಬ ಶಸ್ತ್ರವೈದ್ಯರು ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕೆಲವು ಮಕ್ಕಳಿಗೆ ಆಮೇಲೆ ಕೆಲ ದಿನ, ಹೃದಯದ ಬಡಿತ ತಪ್ಪದಂತೆ ವಿದ್ಯುತ್ ಮಿಡಿತ ಕೊಡುವ ಪೇಸ್‌ಮೇಕರ್ ಬೇಕಾಗುತ್ತಿತ್ತು. ಆಗಿನ ಪೇಸ್‌ಮೇಕರ್ ದೊಡ್ಡ ಪೆಟ್ಟಿಗೆ, ಗೋಡೆಯ ಪ್ಲಗ್ಗಿಗೆ ಚುಚ್ಚಿದ್ದು. ವೈರ್ ಉದ್ದ ಇದ್ದಷ್ಟೇ ಮಗುವಿನ ಓಡಾಟ. ಆ ಅಕ್ಟೋಬರ್ 31ರಂದು ಊರಿನ ಕರೆಂಟ್ ಹೋಯಿತು. ಲಿಲ್ಲಿಹೈ ಅವರು ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಅರ್ಲ್ ಬ್ಯಾಕನ್‌ರನ್ನು ಕೇಳಿದರು, ಬೇರೆ ದಾರಿ ಇಲ್ಲವೇ ಅಂತ. ಬ್ಯಾಕನ್ ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಬಂದಿದ್ದ ಮೆಟ್ರೊನೋಮ್ ಸರ್ಕಿಟ್ ತೆಗೆದುಕೊಂಡು, ಸಂಗೀತಗಾರರು ತಾಳ ಹಿಡಿಯಲು ಬಳಸುವ ಸಾಧನ ಅದು, ಕೆಲವೇ ವಾರಗಳಲ್ಲಿ ಬ್ಯಾಟರಿಯಿಂದ ನಡೆಯುವ, ಮಗುವಿನ ಎದೆಗೆ ಕಟ್ಟಬಹುದಾದ ಪೇಸ್‌ಮೇಕರ್ ಮಾಡಿದರು. ಆ ಮಕ್ಕಳು ವಾರ್ಡಿನಲ್ಲಿ ನಡೆದಾಡಿದರು. ಗೋಡೆಯಿಂದ ಬಿಡುಗಡೆ ಬೇಕು ಅನ್ನುವುದು ಈ ಸಾಧನಗಳು ಹುಟ್ಟಿದಾಗಿನಿಂದಲೂ ಇರುವ ಕಾರಣ.

ಎರಡನೆಯ ಗುಂಪಿಗೆ ಬರೋಣ, ಟೈಪ್ ಟೂ, ಅಂದರೆ ದೇಹದಲ್ಲಿ ಇನ್ಸುಲಿನ್ ಇದ್ದರೂ ಅದು ಸರಿಯಾಗಿ ಕೆಲಸ ಮಾಡದ ಸ್ಥಿತಿ. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ಇವರಲ್ಲಿ ಬಹುಪಾಲು ಟೈಪ್ ಟೂ. ಇವರಲ್ಲಿ ಎಷ್ಟೋ ಜನರಿಗೆ ರಾತ್ರಿಯ ಭಯ ಅಷ್ಟಿಲ್ಲ. ಇವರಿಗೆ ಬೇಕಾಗಿರುವುದು ಪುರಾವೆ.

ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರು ಒಬ್ಬರು ನನ್ನಲ್ಲಿಗೆ ಬರುತ್ತಾರೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ, ಮೂರು ತಿಂಗಳಿಗೊಮ್ಮೆ ಬರುವ ಎಚ್‌ಬಿಎ1ಸಿ ರಿಪೋರ್ಟಿನಲ್ಲಿ 9ರ ಮೇಲೆ. “ನಾನು ಅನ್ನ ಮುಟ್ಟೋದೇ ಇಲ್ಲ, ಮುದ್ದೆ ಮಾತ್ರ, ಮುದ್ದೆಗೆ ಶುಗರ್ ಏರಲ್ಲ ಅಲ್ವಾ” ಅನ್ನುವುದು ಅವರ ವಾದ. ನಾನು ಹೇಳಿದ್ದನ್ನೇ ಹೇಳಿ ಸೋತಿದ್ದೆ. ಕೊನೆಗೆ ಮಗಳು ದುಡ್ಡು ಕೊಟ್ಟು ಒಂದು ಸೆನ್ಸರ್ ಹಾಕಿಸಿದಳು. ಹದಿನಾಲ್ಕು ದಿನ ಆದಮೇಲೆ ಗ್ರಾಫ್ ಪ್ರಿಂಟ್ ಹಾಕಿಸಿಕೊಂಡು ಬಂದರು. ಪ್ರತಿ ಮಧ್ಯಾಹ್ನದ ಪಕ್ಕದಲ್ಲಿ ಪೆನ್ನಿನಿಂದ ಬರೆದಿದ್ದರು, ಮೇಷ್ಟ್ರ ದುಂಡು ಅಕ್ಷರ: ‘ಮುದ್ದೆ 2, ಸೊಪ್ಪಿನ ಸಾರು, ಆಮೇಲೆ ಮಲಗಿದೆ.’ ಆ ದಿನ ರೇಖೆ 280 ದಾಟಿತ್ತು. ನಾಲ್ಕೈದು ದಿನ ಕಳೆದ ಮೇಲೆ: ‘ಮುದ್ದೆ 1, ಚಿಕ್ಕದು. ಬಸ್ಸಾರು, ಕಾಳು ಪಲ್ಯ ಜಾಸ್ತಿ. ತೋಟಕ್ಕೆ ನಡೆದೆ.’ ಅವತ್ತು 190. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ, ತಾವೇ ಪರೀಕ್ಷೆ ಮಾಡಿಕೊಂಡಿದ್ದರು. “ನೀವು ಹೇಳ್ತಾನೇ ಇದ್ರಿ, ನಾನು ಕೇಳ್ಲಿಲ್ಲ. ಈಗ ನನ್ನ ಮೈಯೇ ಹೇಳ್ತಾ ಇದೆಯಲ್ಲ ಡಾಕ್ಟ್ರೇ” ಅಂದರು.

ಇದನ್ನು ಕೇಳಿ ರಾಗಿ ಕೆಟ್ಟದ್ದು ಅಂತ ಮನೆಗೆ ಹೋಗಿ ಹೇಳಬೇಡಿ. ರಾಗಿಯಲ್ಲಿ ನಾರಿದೆ, ಸುಣ್ಣದ ಅಂಶ ಚೆನ್ನಾಗಿದೆ. ಆದರೆ ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ, ಗಾತ್ರ ದೊಡ್ಡದಾದರೆ ಸಕ್ಕರೆ ಏರಿಯೇ ಏರುತ್ತದೆ. ಮೇಷ್ಟ್ರಿಗೆ ಸಿಕ್ಕಿದ್ದು ಆ ತಿಳಿವಳಿಕೆ, ಅದೂ ತಮ್ಮದೇ ತಟ್ಟೆಯಿಂದ. ಅವರು ಆಮೇಲೆ ಸೆನ್ಸರ್ ಹಾಕಿಸಲಿಲ್ಲ. ಬೇಕೂ ಇರಲಿಲ್ಲ. ಸಾಧನ ಬಿಟ್ಟವರೆಲ್ಲ ಸೋತವರು ಅಂತ ನಾವು ವೈದ್ಯರು ಬರೆದುಕೊಳ್ಳುತ್ತೇವೆ. ಅದು ಸರಿಯಲ್ಲ. ಕಲಿಯಬೇಕಾದ್ದು ಕಲಿತು ಬಿಟ್ಟವರೂ ಇದ್ದಾರೆ.

1989ರಲ್ಲಿ ಫ್ರೆಡ್ ಡೇವಿಸ್ ಎಂಬ ಸಂಶೋಧಕರು, ಜನ ಹೊಸ ತಂತ್ರಜ್ಞಾನವನ್ನು ಯಾಕೆ ಒಪ್ಪುತ್ತಾರೆ ಅಂತ ಹುಡುಕುತ್ತಾ ಎರಡು ಕಾರಣ ಮುಂದಿಟ್ಟರು. ಒಂದು, ಇದು ನನಗೆ ಪ್ರಯೋಜನಕ್ಕೆ ಬರುತ್ತದೆ ಎಂಬ ನಂಬಿಕೆ. ಇನ್ನೊಂದು, ಬಳಸಲು ಸುಲಭ ಎಂಬ ನಂಬಿಕೆ. ಮೊದಲನೆಯದರ ತೂಕವೇ ಹೆಚ್ಚು ಅಂತ ಅವರಿಗೆ ಕಂಡಿತು. ಅವರು ನೋಡಿದ್ದು ಕಚೇರಿಯ ಕಂಪ್ಯೂಟರ್ ಬಳಸುವವರನ್ನು. ಆದರೆ 2021ರ ಏಪ್ರಿಲ್, ಮೇ ತಿಂಗಳು, ಕೋವಿಡ್ಡಿನ ಎರಡನೇ ಅಲೆ, ನೆನಪು ಮಾಡಿಕೊಳ್ಳಿ. ನಿಮ್ಮಲ್ಲಿ ಬಹಳ ಜನ ಮೆಡಿಕಲ್ ಶಾಪಿನ ಮುಂದೆ ನಿಂತು ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಂದಿರಿ. ಅದು ಏನು, ಹೇಗೆ ಕೆಲಸ ಮಾಡುತ್ತದೆ ಅಂತ ಯಾರೂ ಪಾಠ ಮಾಡಿರಲಿಲ್ಲ. ಆದರೂ ಎಪ್ಪತ್ತು ದಾಟಿದ ಅಜ್ಜಿಗೂ 94 ಅನ್ನುವ ಅಂಕಿ ಗೊತ್ತಿತ್ತು. ಅದಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಹೊರಡಬೇಕು ಅನ್ನುವುದು ಗೊತ್ತಿತ್ತು. ಕಪ್ಪು ಚರ್ಮದವರಲ್ಲಿ ಈ ಸಾಧನ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಅಂತ 2020ರ ಕೊನೆಯಲ್ಲೇ ಅಮೆರಿಕದ ವೈದ್ಯರು ಬರೆದಿದ್ದರು, ಅದು ನಮಗೆ ತಲುಪಬೇಕಾದಷ್ಟು ತಲುಪಲಿಲ್ಲ. ಅದೇನೇ ಇರಲಿ, ಅಂಕಿ ನೋಡಿದ ಮೇಲೆ ಮಾಡಬೇಕಾದ ಕೆಲಸ ಒಂದಿದ್ದರೆ ಜನ ಸಾಧನ ಬಳಸುತ್ತಾರೆ. ಕೆಲಸ ಇಲ್ಲದಿದ್ದರೆ ಅದು ಡ್ರಾಯರಿಗೆ ಹೋಗುತ್ತದೆ. ನಿಮ್ಮ ಮನೆಯ ಆಕ್ಸಿಮೀಟರ್ ಈಗ ಎಲ್ಲಿದೆ ಅಂತ ನೀವೇ ಯೋಚಿಸಿ.

ಪ್ರಯೋಜನ ಅಂದರೆ ಯಾರಿಗೆ ಪ್ರಯೋಜನ? ನನಗೆ ಇತ್ತೀಚೆಗೆ ತುಂಬಾ ಕಾಡುವ ಪ್ರಶ್ನೆ ಇದು. ನಮ್ಮ ಮನೆಗಳಲ್ಲಿ ಇಂಥ ಸಾಧನವನ್ನು ಆಯ್ಕೆ ಮಾಡುವವರು ಬಹಳ ಸಲ ಹಾಕಿಕೊಳ್ಳುವವರಲ್ಲ. ಮಗ ಆಯ್ಕೆ ಮಾಡುತ್ತಾನೆ, ಅಮ್ಮ ಹಾಕಿಕೊಳ್ಳುತ್ತಾರೆ.

ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬ ಅಮ್ಮ ಇಲ್ಲೇ ಮೈಸೂರಿನಲ್ಲಿದ್ದಾರೆ, ಮಗ ನ್ಯೂಜೆರ್ಸಿಯಲ್ಲಿ. ಅಮ್ಮ ಒಬ್ಬರೇ ಇರುವುದು, ಮಗನ ಆತಂಕ ಸಹಜ. ಸೆನ್ಸರ್ ಹಾಕಿಸಿ ಅಂಕಿ ತನ್ನ ಫೋನಿಗೂ ಬರುವಂತೆ ಮಾಡಿಕೊಂಡ. ಆಮೇಲೆ ಫೋನುಗಳು ಶುರುವಾದವು. “ಅಮ್ಮ, ಈಗ 210 ಆಗಿದೆಯಲ್ಲ, ಏನ್ ತಿಂದೆ?” “ಒಂದು ತುಂಡು ಹೋಳಿಗೆ ಕಣೋ, ಯುಗಾದಿ ಅಲ್ವಾ.” “ಒಂದು ತುಂಡಿಗೆ 210 ಆಗುತ್ತಾ?” ಪ್ರೀತಿಯಿಂದಲೇ ಕೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಅಮ್ಮ ನನ್ನ ಹತ್ತಿರ ಬಂದಾಗ ಸೆನ್ಸರ್ ತೋಳಿನಲ್ಲಿರಲಿಲ್ಲ, ಬ್ಯಾಗಿನಲ್ಲಿತ್ತು, ಕರ್ಚೀಫಿನಲ್ಲಿ ಸುತ್ತಿ. “ನನ್ನ ತಟ್ಟೆಗೆ ಕ್ಯಾಮೆರಾ ಇಟ್ಟಂಗೆ ಆಯ್ತು ಡಾಕ್ಟ್ರೇ. ಅರವತ್ತೆಂಟು ವರ್ಷ ಆಯ್ತು ನಂಗೆ” ಅಂದರು.

ಮಗನ ಜೊತೆ ಮಾತಾಡಿದೆ. ಅವನಿಗೆ ನಿಜವಾಗಿ ಭಯ ಇದ್ದದ್ದು ಏನು ಅಂತ ಕೇಳಿದರೆ, ಅಮ್ಮನಿಗೆ ಶುಗರ್ ಡೌನ್ ಆಗಿ ಬಿದ್ದರೆ ಯಾರೂ ಇಲ್ಲ ಅನ್ನುವುದು. ಹಾಗಾದರೆ ಅದಕ್ಕೆ ಬೇಕಾದ್ದು ಮಾತ್ರ ಇಟ್ಟುಕೊಳ್ಳಪ್ಪ ಅಂದೆ. ಕಡಿಮೆಯಾದರೆ ಬರುವ ಅಲಾರಂ ಇರಲಿ, ಏರಿದ್ದಕ್ಕೆಲ್ಲ ಫೋನ್ ಮಾಡುವುದು ನಿಲ್ಲಿಸು. ಏರಿದ್ದನ್ನು ನಾನೂ ಅಮ್ಮನೂ ತಿಂಗಳಿಗೊಮ್ಮೆ ಕೂತು ನೋಡುತ್ತೇವೆ. ಅಲಾರಂ ಬಂದರೆ ಯಾರಿಗೆ ಫೋನ್ ಮಾಡಬೇಕು, ಪಕ್ಕದ ಮನೆಯವರ ನಂಬರ್ ಯಾವುದು ಅಂತಲೂ ಬರೆದಿಟ್ಟೆವು. ಯಾಕೆಂದರೆ ನ್ಯೂಜೆರ್ಸಿಯಲ್ಲಿ ಅಲಾರಂ ಹೊಡೆದರೆ ಮೈಸೂರಿನ ಅಡುಗೆಮನೆಯಲ್ಲಿ ಸಕ್ಕರೆ ನೀರು ಕೊಡುವವರು ಬೇಕಲ್ಲ. ಅಮ್ಮ ಮುಂದಿನ ವಾರ ತಾವೇ ಬಂದು ಹೊಸ ಸೆನ್ಸರ್ ಹಾಕಿಸಿಕೊಂಡರು. ಸಾಧನ ಬದಲಾಗಲಿಲ್ಲ. ಆಯ್ಕೆ ಅವರದಾಯಿತು, ಅಷ್ಟೇ ಬದಲಾದದ್ದು.

ಕಾಣುತ್ತದೆ ಅನ್ನುವುದೂ ದೊಡ್ಡ ವಿಷಯ. ಪಿಯುಸಿ ಓದುವ ಟೈಪ್ ಒನ್ ಹುಡುಗಿಯರ ತಾಯಂದಿರು ಕೇಳುವ ಪ್ರಶ್ನೆ, “ತೋಳು ಬಿಟ್ಟು ಬೇರೆ ಕಡೆ ಹಾಕೋಕೆ ಆಗಲ್ವಾ?” ಮುಂದೆ ಹುಡುಗನ ಕಡೆಯವರು ನೋಡಲು ಬಂದಾಗ ಏನು ಹೇಳುವುದು ಅನ್ನುವ ಚಿಂತೆ ಹದಿನೇಳನೇ ವಯಸ್ಸಿಗೇ ಶುರುವಾಗಿರುತ್ತದೆ. ಹುಡುಗರ ತಾಯಂದಿರು ಈ ಪ್ರಶ್ನೆ ಕೇಳಿದ್ದು ನಾನು ಕಂಡಿಲ್ಲ. ಕನ್ನಡಕವೂ ದೇಹದ ಮೇಲೆ ಧರಿಸುವ ವೈದ್ಯಕೀಯ ಸಾಧನವೇ ತಾನೇ? ಅದಕ್ಕೆ ಯಾರೂ ನಾಚುವುದಿಲ್ಲ. ಕಿವಿಯ ಮೆಷಿನ್‌ಗೆ ನಾಚುತ್ತಾರೆ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ಅದೇ ಊರಿನವರಾದ ನಾವು ಹಿಯರಿಂಗ್ ಏಡ್ ಹಾಕಿದವರನ್ನು ಇನ್ನೂ ಒಂದು ಕ್ಷಣ ಹೆಚ್ಚಿಗೆ ನೋಡುತ್ತೇವೆ. ಮದುವೆ ಮನೆಗೆ ಹೊರಡುವಾಗ ಅದನ್ನು ತೆಗೆದಿಟ್ಟು ಹೋಗುವ ಹಿರಿಯರಿದ್ದಾರೆ. ಹತ್ತು ಜನರ ಮಾತು ಕೇಳಿಸಬೇಕಾದ ಜಾಗ ಅದೇ. ಸಾಧನವನ್ನು ಎಷ್ಟು ಚಿಕ್ಕದು ಮಾಡಿದರೂ ನೋಡುವ ಕಣ್ಣು ಬದಲಾಗದೆ ಇದು ಬಗೆಹರಿಯುವುದಿಲ್ಲ.

ಇನ್ನು ದುಡ್ಡು. ಆಯ್ಕೆ ಅನ್ನುವ ಪದವನ್ನು ನಾನು ಇಷ್ಟು ಹೊತ್ತು ಧಾರಾಳವಾಗಿ ಬಳಸಿದೆ. ತಿಂಗಳಿಗೆ ಎರಡು ಸೆನ್ಸರ್ ಅಂದರೆ 10,000 ರೂಪಾಯಿ. ಸಾಮಾನ್ಯವಾಗಿ ನಮ್ಮ ಆರೋಗ್ಯ ವಿಮೆ ಆಸ್ಪತ್ರೆಗೆ ಸೇರಿದರೆ ಕೊಡುತ್ತದೆ, ಮನೆಯಲ್ಲಿ ಇದ್ದು ಆಸ್ಪತ್ರೆ ಸೇರದಂತೆ ನೋಡಿಕೊಳ್ಳುವ ಖರ್ಚಿಗೆ ಕೊಡುವುದಿಲ್ಲ. ಇಂಗ್ಲೆಂಡಿನಲ್ಲಿ 2022ರಿಂದ ಟೈಪ್ ಒನ್ ಇರುವ ಎಲ್ಲ ವಯಸ್ಕರಿಗೂ ಸಿಜಿಎಂ ಕೊಡಬೇಕು ಅಂತ ಅಲ್ಲಿನ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮಲ್ಲಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ತಾಯಿಯೂ ರಾತ್ರಿ ಎರಡು ಗಂಟೆಗೆ ಏಳುತ್ತಾಳೆ, ಬೆಳಗ್ಗೆ ಶಿಫ್ಟಿಗೂ ಹೋಗುತ್ತಾಳೆ. ಆಕೆಗೆ ಈ ಬಿಲ್ಲೆ ಬೇಡ ಅಂತಲ್ಲ. ಕನಿಷ್ಠ ಟೈಪ್ ಒನ್ ಮಕ್ಕಳಿಗಾದರೂ ಸರ್ಕಾರ ಇದನ್ನು ಕೊಡಬೇಕು. ನಾನು ಎಲ್ಲ ವೇದಿಕೆಯಲ್ಲೂ ಇದನ್ನು ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ.

ಟೈಪ್ ಟೂ ಇದ್ದು ಮಾತ್ರೆಯಲ್ಲೇ ಇರುವವರು ಸಾಲ ಮಾಡಿ ವರ್ಷವಿಡೀ ಹಾಕಿಕೊಳ್ಳಬೇಕಾಗಿಲ್ಲ. ಮೂರ್ನಾಲ್ಕು ತಿಂಗಳಿಗೊಮ್ಮೆ, ಅಥವಾ ಔಷಧಿ ಬದಲಾದಾಗ ಒಂದು ಸೆನ್ಸರ್ ಸಾಕು. ಮೇಷ್ಟ್ರ ಹಾಗೆ ತಿಂದದ್ದು, ನಡೆದದ್ದು ಪಕ್ಕದಲ್ಲಿ ಬರೆದಿಡಿ, ಇಲ್ಲದಿದ್ದರೆ ಆ ರೇಖೆ ಯಾರಿಗೂ ಏನೂ ಹೇಳುವುದಿಲ್ಲ. ಹೆಚ್ಚಿನ ವಯಸ್ಕರಿಗೆ ದಿನದ ಶೇಕಡ 70ಕ್ಕಿಂತ ಹೆಚ್ಚು ಹೊತ್ತು 70ರಿಂದ 180ರ ನಡುವೆ ಇರಬೇಕು ಅನ್ನುವುದು ಈಗಿನ ಗುರಿ. ವಯಸ್ಸಾದವರಿಗೆ, ಗರ್ಭಿಣಿಯರಿಗೆ ಈ ಗುರಿ ಬೇರೆ. ಸೆನ್ಸರ್ ಇರುವ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಒತ್ತಡಕ್ಕೆ ಅಂಕಿ ಸುಳ್ಳುಸುಳ್ಳೇ ಇಳಿಯುತ್ತದೆ, ಅಲಾರಂ ಕೂಗುತ್ತದೆ, ಗಾಬರಿಯಾಗಬೇಡಿ. ವಿಟಮಿನ್ ಸಿ ಮಾತ್ರೆ ಹೆಚ್ಚು ತೆಗೆದುಕೊಂಡರೆ ಕೆಲವು ಸೆನ್ಸರ್‌ಗಳಲ್ಲಿ ಅಂಕಿ ಏರಿದಂತೆ ಕಾಣುತ್ತದೆ. ಮೈ ಹೇಳುವುದೂ ಫೋನ್ ಹೇಳುವುದೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ನೋಡಿ. ಸ್ಟ್ರಿಪ್ ಡಬ್ಬಿ ಎಸೆಯಬೇಡಿ.

ಮುಂದಿನ ಸಾಲಿನ ಯುವಕರೊಬ್ಬರು ಚೀಟಿ ಕಳಿಸಿದ್ದಾರೆ: ‘ನನಗೆ ಶುಗರ್ ಇಲ್ಲ, ಜಿಮ್‌ಗೆ ಹೋಗುತ್ತೇನೆ, ಹಾಕಿಕೊಳ್ಳಬಹುದೇ?’ ಅಮೆರಿಕದಲ್ಲಿ 2024ರಿಂದ ವೈದ್ಯರ ಚೀಟಿ ಇಲ್ಲದೆಯೂ ಸಿಗುವ ಸೆನ್ಸರ್‌ಗಳು ಬಂದಿವೆ, ಇಲ್ಲೂ ಆ ಗಾಳಿ ಬೀಸುತ್ತಿದೆ. ಕಾಯಿಲೆ ಇಲ್ಲದವರು ಇಂಥ ಸಾಧನ ಹಾಕಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಆಪಲ್ ವಾಚ್ ಬಗ್ಗೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ನಾಡಿ ಏರುಪೇರಾಗಿದೆ ಎಂಬ ಸೂಚನೆ ಬಂದದ್ದು ಶೇಕಡ 0.52 ಜನರಿಗೆ. ಅವರಲ್ಲಿ ಎದೆಗೆ ಇಸಿಜಿ ಪಟ್ಟಿ ಹಾಕಿಕೊಂಡು, ಆಮೇಲೆ ಆ ಪಟ್ಟಿಯನ್ನು ವಾಪಸ್ ಕಳಿಸಿಕೊಟ್ಟವರನ್ನು ನೋಡಿದರೆ, ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ ಅದರಲ್ಲಿ ಹೃದಯ ಬಡಿತದ ತೊಂದರೆ ಸಿಕ್ಕಿತು. ಆ ತೊಂದರೆ ಬಂದು ಹೋಗುವಂಥದ್ದು, ಹಾಗಾಗಿ ಉಳಿದವರಿಗೆ ಇರಲೇ ಇಲ್ಲ ಅನ್ನಲಾಗದು. ಆದರೆ ಸೂಚನೆ ಬಂದ ಪ್ರತಿಯೊಬ್ಬರೂ ಉತ್ತರ ಸಿಗುವವರೆಗೆ ಆತಂಕ ಪಟ್ಟಿರುತ್ತಾರೆ, ಅದನ್ನು ಯಾವ ಕೋಷ್ಟಕವೂ ಎಣಿಸುವುದಿಲ್ಲ. ನಿಮಗೆ ನನ್ನ ಉತ್ತರ ಹೀಗೆ. ಆರೋಗ್ಯವಂತರಿಗೂ ಊಟದ ನಂತರ ಸಕ್ಕರೆ ಒಮ್ಮೊಮ್ಮೆ 140 ದಾಟುತ್ತದೆ, ಬೇಗನೆ ಇಳಿಯುತ್ತದೆ. ಅದು ಕಾಯಿಲೆಯಲ್ಲ. ಅದನ್ನು ನೋಡಿ ನೀವು ಬಾಳೆಹಣ್ಣು, ಇಡ್ಲಿ ಬಿಡುವವರಾದರೆ ಹಾಕಿಕೊಳ್ಳಬೇಡಿ. ನಿಮ್ಮ ಅಪ್ಪನಿಗೋ ಅಮ್ಮನಿಗೋ ಶುಗರ್ ಇದ್ದರೆ, ಆ 5,000 ರೂಪಾಯಿ ಇಟ್ಟುಕೊಂಡು ಮೊದಲು ಲ್ಯಾಬಿನಲ್ಲಿ ಎಚ್‌ಬಿಎ1ಸಿ ಮಾಡಿಸಿ. ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. 5.7ಕ್ಕಿಂತ ಕಡಿಮೆ ಬಂದರೆ ಜಿಮ್‌ಗೆ ಹೋಗುತ್ತಿರಿ, ಮುಂದಿನ ವರ್ಷ ಮತ್ತೆ ಮಾಡಿಸಿ. ಹೆಚ್ಚು ಬಂದರೆ ಹತ್ತಿರದ ವೈದ್ಯರ ಬಳಿ ರಿಪೋರ್ಟ್ ತೆಗೆದುಕೊಂಡು ಹೋಗಿ, ಸೆನ್ಸರ್ ಬೇಕೋ ಬೇಡವೋ ಅಲ್ಲಿ ಕೂತು ಮಾತಾಡಿ.